ಶಿರಾದ ಕಡಲೆಬೀಜಕ್ಕೆ ಯಾವ ದೇಶದ ಕಾನೂನು? ಪಿಯುಸಿ ನಂತರ ಅಂತರರಾಷ್ಟ್ರೀಯ ವಾಣಿಜ್ಯ ಕಾನೂನು ಓದಬಯಸುವವರಿಗೆ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗಲೆಲ್ಲ ಪತ್ರಿಕೆಗಳಲ್ಲಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಹೆಸರು ಕಾಣುತ್ತದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿದ ಜಿಲ್ಲೆ ಅದು. ರಾಜ್ಯದಲ್ಲಿ ಎಷ್ಟನೇ ಸ್ಥಾನ ಬಂತು ಎಂಬ ಚರ್ಚೆ ಒಂದು ವಾರ ನಡೆಯುತ್ತದೆ. ಎರಡು ವರ್ಷ ಕಳೆದು ಅದೇ ಮಕ್ಕಳು ಪಿಯುಸಿ ಮುಗಿಸಿದಾಗ ವಿಜ್ಞಾನದವರಿಗೆ ನೀಟ್, ಸಿಇಟಿ ಎಂದು ದಾರಿ ತೋರಿಸಲು ಹತ್ತು ಜನ ಇರುತ್ತಾರೆ. ಕಲಾ, ವಾಣಿಜ್ಯ ವಿಭಾಗದವರಿಗೆ ‘ಡಿಗ್ರಿ ಮಾಡು, ಕೆಎಎಸ್‌ಗೆ ಓದು’ ಎನ್ನುವುದು ಬಿಟ್ಟರೆ ಬೇರೆ ಮಾತು ಸಿಗುವುದು ಕಷ್ಟ. ಲಾ ಓದುತ್ತೇನೆ ಎಂದರೆ ಮನೆಯವರ ಕಣ್ಣ ಮುಂದೆ ಬರುವುದು ತಾಲ್ಲೂಕು ಕೋರ್ಟಿನ ಆವರಣ, ಕರಿ ಕೋಟು, ಪಾಲುಪಾರಿಕತ್ತಿನ ದಾವೆ. ಅದು ಗೌರವದ ಕೆಲಸವೇ. ಆದರೆ ಕಾನೂನಿನಲ್ಲಿ ಇನ್ನೊಂದು ಕವಲಿದೆ: ದೇಶ ದೇಶಗಳ ನಡುವಿನ ವ್ಯಾಪಾರದ ಕಾನೂನನ್ನು ಒಂದರ ಪಕ್ಕ ಒಂದಿಟ್ಟು ಓದುವುದು. ತೌಲನಿಕ ಅಂತರರಾಷ್ಟ್ರೀಯ ವಾಣಿಜ್ಯ ಕಾನೂನು ಎಂಬುದು ಅದರ ಉದ್ದ ಹೆಸರು.

ಹೆಸರು ಕೇಳಿದರೆ ದೆಹಲಿ, ಲಂಡನ್ನಿನ ವಿಷಯ ಅನ್ನಿಸುತ್ತದೆ. ನಮ್ಮ ಸೀಮೆಯ ಮಕ್ಕಳಿಗೆ ಇದು ದೂರದ್ದಲ್ಲ ಎಂದು ಹೇಳುವುದಕ್ಕೇ ಈ ಲೇಖನ ಬರೆಯುತ್ತಿದ್ದೇನೆ. ಪಾವಗಡವನ್ನೇ ನೋಡಿ. ಮೂರು ಕಡೆ ಆಂಧ್ರದ ನೆಲ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಗಡಿ ದಾಟಿದರೆ ಪೆಟ್ರೋಲ್ ದರ ಬೇರೆ, ಜಮೀನು ನೋಂದಣಿಯ ಶುಲ್ಕ ಬೇರೆ, ಪಹಣಿಯ ಹೆಸರೂ ಬೇರೆ. ‘ಅವರಲ್ಲಿ ಹಾಗಿದೆ, ನಮ್ಮಲ್ಲಿ ಹೀಗೇಕೆ?’ ಎಂದು ಅಲ್ಲಿನ ಹುಡುಗ ಚಿಕ್ಕಂದಿನಿಂದ ಕೇಳಿಕೊಂಡೇ ಬೆಳೆದಿರುತ್ತಾನೆ. ತೌಲನಿಕ ಕಾನೂನು ಶುರುವಾಗುವುದೂ ಅದೇ ಪ್ರಶ್ನೆಯಿಂದ.

ಈಗ ಒಂದು ಕರಾರನ್ನು ಹತ್ತಿರದಿಂದ ನೋಡೋಣ. ಶಿರಾ, ಪಾವಗಡ, ಮಧುಗಿರಿಯ ಖುಷ್ಕಿ ಹೊಲಗಳ ಬೆಳೆ ಕಡಲೆಕಾಯಿ. ಶಿರಾದ ವ್ಯಾಪಾರಿಯೊಬ್ಬರು ಕಾಯಿ ಸುಲಿಸಿ, ಬೀಜ ಆರಿಸಿ, ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮ್ ಬಂದರಿನ ಒಬ್ಬ ಖರೀದಿದಾರನಿಗೆ ಒಂದು ಕಂಟೇನರ್, ಅಂದರೆ ಸುಮಾರು 19 ಟನ್, ಕಳಿಸುತ್ತಾರೆ ಎಂದುಕೊಳ್ಳಿ. ಕರಾರಿನಲ್ಲಿ ‘ಸಿಐಎಫ್ ರಾಟರ್‌ಡ್ಯಾಮ್’ ಎಂದಿದೆ. ಹಡಗಿನ ಬಾಡಿಗೆಯನ್ನೂ ವಿಮೆಯನ್ನೂ ಕಟ್ಟುವವರು ಮಾರಾಟಗಾರರೇ. ಹಾಗಾದರೆ ದಾರಿಯಲ್ಲಿ ಸರಕಿಗೆ ನೀರು ಹೊಕ್ಕರೆ ನಷ್ಟವೂ ಅವರದೇ? ಹತ್ತರಲ್ಲಿ ಒಂಬತ್ತು ಮಂದಿ ಹೌದೆನ್ನುತ್ತಾರೆ. ಅದು ತಪ್ಪು. ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿಯ ‘ಇನ್‌ಕೋಟರ್ಮ್ಸ್ 2020’ ನಿಯಮಗಳ ಪ್ರಕಾರ ಸಿಐಎಫ್‌ನಲ್ಲೂ, ಮಾರಾಟಗಾರ ಬಾಡಿಗೆ, ವಿಮೆ ಕಟ್ಟದ ಎಫ್‌ಒಬಿಯಲ್ಲೂ ಸರಕು ಚೆನ್ನೈ ಬಂದರಿನಲ್ಲಿ ಹಡಗು ಏರಿದ ಕ್ಷಣಕ್ಕೆ ನಷ್ಟದ ಹೊಣೆ ಖರೀದಿದಾರನ ತಲೆಗೆ ಹೋಗುತ್ತದೆ. ಬಾಡಿಗೆ ಕಟ್ಟುವುದು ಒಂದು, ಹೊಣೆ ಹೊರುವುದು ಇನ್ನೊಂದು. ಕಂಟೇನರ್ ಸರಕಿಗೆ ಸಿಐಎಫ್, ಎಫ್‌ಒಬಿ ಎರಡೂ ಸರಿಹೊಂದುವುದಿಲ್ಲ, ಸರಕನ್ನು ಸಾಗಣೆದಾರನ ಕೈಗೆ ಒಪ್ಪಿಸಿದಾಗಲೇ ಹೊಣೆ ದಾಟುವ ಎಫ್‌ಸಿಎ ಅಥವಾ ಸಿಐಪಿ ಬರೆಯಿರಿ ಎಂದು ಆ ಮಂಡಳಿಯೇ ಹೇಳುತ್ತದೆ. ಏಕೆಂದರೆ ಕಂಟೇನರ್ ಹಡಗು ಏರುವ ಮುನ್ನ ಬಂದರಿನ ಯಾರ್ಡಿನಲ್ಲಿ ದಿನಗಟ್ಟಲೆ ಕೂತಿರುತ್ತದೆ. ಆ ದಿನಗಳ ಹೊಣೆ ಯಾರದು ಎಂಬುದು ಆ ಮೂರಕ್ಷರಗಳಲ್ಲಿ ತೀರ್ಮಾನವಾಗಿಬಿಡುತ್ತದೆ.

ಸರಕು ಸುರಕ್ಷಿತವಾಗಿಯೇ ತಲುಪಿತು ಅನ್ನಿ. ಅಲ್ಲಿ ಪರೀಕ್ಷೆ ಮಾಡಿದಾಗ ಅಫ್ಲಾಟಾಕ್ಸಿನ್ ಹೆಚ್ಚಿದೆ ಎಂದು ತಿರಸ್ಕರಿಸಿದರು. ಕಾಯಿ ಸರಿಯಾಗಿ ಒಣಗದೆ ಬೂಷ್ಟು ಹಿಡಿದರೆ ಹುಟ್ಟುವ ವಿಷ ಇದು. ನೇರವಾಗಿ ತಿನ್ನುವ ಕಡಲೆಬೀಜದಲ್ಲಿ ಇದು ಕಿಲೋಗೆ ಒಟ್ಟು 4 ಮೈಕ್ರೋಗ್ರಾಂ ಮೀರಬಾರದು ಎಂಬುದು ಐರೋಪ್ಯ ಒಕ್ಕೂಟದ ಮಿತಿ. ಇನ್ನೂ ಆರಿಸಿ ಸಂಸ್ಕರಿಸಲು ಕಳಿಸುವ ಬೀಜಕ್ಕಾದರೆ 15. ಕರಾರಿನಲ್ಲಿ ‘ಉತ್ತಮ ಗುಣಮಟ್ಟದ ಬೀಜ’ ಎಂದಷ್ಟೇ ಬರೆದಿತ್ತು. ಈಗ ಯಾವ ದೇಶದ ಕಾನೂನು ಹಿಡಿಯಬೇಕು?

ನಮ್ಮ 1930ರ ಸರಕು ಮಾರಾಟ ಕಾಯ್ದೆ ಇಂಗ್ಲಿಷ್ ಕಾನೂನಿನ ಕೂಸು. ಅದು ಕರಾರಿನ ಮಾತುಗಳನ್ನು ಮುಖ್ಯ ಷರತ್ತು, ಉಪ ಭರವಸೆ ಎಂದು ಎರಡಾಗಿ ಸೀಳುತ್ತದೆ. ಮುಖ್ಯ ಷರತ್ತು ಮುರಿದರೆ ಖರೀದಿದಾರ ಸರಕನ್ನೇ ತಿರಸ್ಕರಿಸಬಹುದು. ಉಪ ಭರವಸೆ ಮುರಿದರೆ ಪರಿಹಾರ ಕೇಳಬಹುದು, ಅಷ್ಟೆ. ಜರ್ಮನಿಯ ಸಿವಿಲ್ ಸಂಹಿತೆ ಬೇರೆ ದಾರಿ ಹಿಡಿಯುತ್ತದೆ: ಮೊದಲು ಮಾರಿದವನಿಗೆ ಸರಿಪಡಿಸಿಕೊಡಲು ಅವಕಾಶ ಕೊಡು, ಆಗದಿದ್ದರೆ ಮುಂದಿನ ಮಾತು. ಇವೆರಡರ ನಡುವೆ ನಿಂತಿರುವುದು 1980ರಲ್ಲಿ ವಿಯೆನ್ನಾದಲ್ಲಿ ಆದ, ಸರಕುಗಳ ಅಂತರರಾಷ್ಟ್ರೀಯ ಮಾರಾಟದ ವಿಶ್ವಸಂಸ್ಥೆ ಒಡಂಬಡಿಕೆ. ಸಿಐಎಸ್‌ಜಿ ಎಂಬುದು ಅದರ ಸಂಕ್ಷಿಪ್ತ ಹೆಸರು. 1988ರ ಜನವರಿ 1ರಿಂದ ಅದು ಜಾರಿಯಲ್ಲಿದೆ. ಅದರ ಪ್ರಕಾರ ಕರಾರಿನ ಬುಡವೇ ಅಲುಗುವಷ್ಟು ದೊಡ್ಡ ಉಲ್ಲಂಘನೆ ಆದರೆ ಮಾತ್ರ ಕರಾರು ಮುರಿಯಬಹುದು. ಸಣ್ಣಪುಟ್ಟ ದೋಷಕ್ಕೆ ಬೆಲೆ ಇಳಿಸಿಕೊಳ್ಳಬಹುದು. ದೋಷ ಕಂಡ ಮೇಲೆ ಸಕಾಲದಲ್ಲಿ ತಿಳಿಸದ ಖರೀದಿದಾರ ಹಕ್ಕನ್ನೇ ಕಳೆದುಕೊಳ್ಳುತ್ತಾನೆ.

ಅಮೆರಿಕ, ಚೀನಾ, ಜರ್ಮನಿ, ಫ್ರಾನ್ಸ್, ನೆದರ್‌ಲ್ಯಾಂಡ್ಸ್, ಜಪಾನ್ ಈ ಒಡಂಬಡಿಕೆಗೆ ಸೇರಿವೆ. ಭಾರತ ಸೇರಿಲ್ಲ, ಬ್ರಿಟನ್ನೂ ಸೇರಿಲ್ಲ. ನಾವು ಸೇರಿಲ್ಲ ಎಂದ ಮೇಲೆ ನಮಗೇಕೆ ಅದರ ಗೊಡವೆ ಎನ್ನುವಂತಿಲ್ಲ. ತಕರಾರಿಗೆ ನೆದರ್‌ಲ್ಯಾಂಡ್ಸ್‌ನ ಕಾನೂನೇ ಅನ್ವಯ ಎಂದು ಅಲ್ಲಿನ ನ್ಯಾಯಾಲಯ ತೀರ್ಮಾನಿಸಿದರೆ ಅದರ ಬೆನ್ನಿಗೇ ಈ ಒಡಂಬಡಿಕೆಯೂ ಬಂದು ಶಿರಾದ ವ್ಯಾಪಾರಿಯ ಮೇಲೆ ಕೂರುತ್ತದೆ. ಎಣ್ಣೆಕಾಳು ವ್ಯಾಪಾರದಲ್ಲಿ ಚಾಲ್ತಿಯಲ್ಲಿರುವ ಲಂಡನ್ನಿನ ಫೋಸ್ಫಾ ಸಂಘದ ನಮೂನೆ ಕರಾರಿಗೆ ಸಹಿ ಹಾಕಿದ್ದರೆ ಕಥೆ ತಿರುವುಮುರುವು. ಆ ನಮೂನೆ ಒಡಂಬಡಿಕೆಯನ್ನು ಹೊರಗಿಟ್ಟು ಇಂಗ್ಲಿಷ್ ಕಾನೂನನ್ನೇ ಹೇರುತ್ತದೆ.

ಅಫ್ಲಾಟಾಕ್ಸಿನ್ ಪ್ರಶ್ನೆಗೆ ಉತ್ತರ ಹುಡುಕುವವರು ಜರ್ಮನಿಯ ಸರ್ವೋಚ್ಚ ಸಿವಿಲ್ ನ್ಯಾಯಾಲಯ 1995ರ ಮಾರ್ಚ್ 8ರಂದು ಕೊಟ್ಟ ಒಂದು ತೀರ್ಪನ್ನು ಓದಲೇಬೇಕು. ಸ್ವಿಟ್ಜರ್‌ಲ್ಯಾಂಡಿನ ಮಾರಾಟಗಾರ, ಜರ್ಮನಿಯ ಖರೀದಿದಾರ, ನ್ಯೂಜಿಲೆಂಡಿನ ಚಿಪ್ಪುಮೀನು. ಅದರಲ್ಲಿ ಕ್ಯಾಡ್ಮಿಯಂ ಅಂಶ ಜರ್ಮನಿ ಸೂಚಿಸಿದ್ದಕ್ಕಿಂತ ಹೆಚ್ಚಿತ್ತು. ಖರೀದಿದಾರನ ದೇಶದ ವಿಶೇಷ ನಿಯಮಗಳೆಲ್ಲ ಮಾರಾಟಗಾರನಿಗೆ ಗೊತ್ತಿರಬೇಕೆಂದಿಲ್ಲ ಎಂದಿತು ನ್ಯಾಯಾಲಯ. ಅದೇ ನಿಯಮ ಅವನ ದೇಶದಲ್ಲೂ ಇದ್ದರೆ, ಖರೀದಿದಾರ ಮೊದಲೇ ತಿಳಿಸಿದ್ದರೆ ಅಥವಾ ಬೇರೆ ವಿಶೇಷ ಕಾರಣವಿದ್ದರೆ ಮಾತು ಬೇರೆ. ಚಿಪ್ಪುಮೀನಿನ ಜಾಗದಲ್ಲಿ ನಮ್ಮ ಕಡಲೆಬೀಜ ಇಟ್ಟು ನೋಡಿ. ಆ 4 ಎಂಬ ಅಂಕಿ ಕರಾರಿನಲ್ಲಿ ಇತ್ತೇ, ಇರಲಿಲ್ಲವೇ ಎಂಬುದರ ಮೇಲೆ 19 ಟನ್ನಿನ ಹಣ ನಿಂತಿದೆ. ತುಮಕೂರು ಜಿಲ್ಲೆಯ ಮಿಡಿಸೌತೆಗೂ ಇದೇ ಮಾತು. ಅದಕ್ಕೆ ಇಲ್ಲಿ ಮಾರುಕಟ್ಟೆಯೇ ಇಲ್ಲ. ಕಂಪನಿ ಬೀಜ ಕೊಟ್ಟು, ಕಿಲೋಗೆ ಎಷ್ಟು ಕಾಯಿ ತೂಗುತ್ತದೆ ಎಂದು ಎಣಿಸಿ, ದರ್ಜೆ ಮಾಡಿ ಕೊಳ್ಳುತ್ತದೆ. ಉಪ್ಪಿನಕಾಯಿಯಾಗಿ ಅದು ಹೋಗುವುದು ವಿದೇಶಕ್ಕೇ. ರೈತನ ಕೈಲಿರುವ ಕನ್ನಡದ ಒಪ್ಪಂದ ಒಂದು, ಕಂಪನಿ ವಿದೇಶದವರ ಜೊತೆ ಮಾಡಿಕೊಂಡ ಒಪ್ಪಂದ ಇನ್ನೊಂದು. ಎರಡನೆಯದು ಬಿದ್ದರೆ ಮೊದಲನೆಯದಕ್ಕೂ ಪೆಟ್ಟು. ಎರಡನ್ನೂ ಓದಬಲ್ಲ ವಕೀಲರು ನಮ್ಮ ತಾಲ್ಲೂಕುಗಳಿಗೆ ಬೇಕು.

ಪಾವಗಡದ ಸೋಲಾರ್ ಪಾರ್ಕ್‌ ಇನ್ನೂ ದೊಡ್ಡ ಪಾಠ. ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಸುತ್ತಿನ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್. ರೈತರು ಜಮೀನು ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಆ ನೆಲದ ಮೇಲೆ ಫಿನ್ಲೆಂಡಿನ ಫೋರ್ಟಮ್‌ನಂಥ ವಿದೇಶಿ ಕಂಪನಿಗಳೂ ಬಂದು ಘಟಕ ಹಾಕಿದವು. ಇಂಥ ಘಟಕಗಳ ಸೋಲಾರ್ ಕೋಶಗಳು ದೇಶದೊಳಗೇ ತಯಾರಾಗಿರಬೇಕು ಎಂದು ರಾಷ್ಟ್ರೀಯ ಸೌರ ಮಿಷನ್‌ನಡಿ ಭಾರತ ಹಾಕಿದ್ದ ಷರತ್ತನ್ನು ಅಮೆರಿಕ 2013ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಪ್ರಶ್ನಿಸಿತು. 2016ರಲ್ಲಿ ಮೇಲ್ಮನವಿ ಮಂಡಳಿಯಲ್ಲೂ ಭಾರತ ಸೋತಿತು. ವಿದೇಶಿ ಸರಕನ್ನು ಸ್ವದೇಶಿ ಸರಕಿಗಿಂತ ಕೀಳಾಗಿ ಕಾಣಬಾರದು ಎಂಬ ನಿಯಮ ಮುರಿದಂತಾಯಿತು ಎಂಬುದು ತೀರ್ಪು. 2022ರ ಏಪ್ರಿಲ್‌ನಲ್ಲಿ ಭಾರತ ಬೇರೆ ದಾರಿ ಹಿಡಿದು ಆಮದು ಪ್ಯಾನೆಲ್‌ಗಳ ಮೇಲೆ ಶೇ 40 ಸುಂಕ ಹಾಕಿತು. ಗ್ರಾಮದ ಗುತ್ತಿಗೆ ಪತ್ರ, ವಿದ್ಯುತ್ ಖರೀದಿ ಒಪ್ಪಂದ, ಹೂಡಿಕೆ ಕಾನೂನು, ಜಿನೀವಾದ ವಿಶ್ವ ವ್ಯಾಪಾರ ಸಂಸ್ಥೆಯ ತೀರ್ಪು ಎಲ್ಲವೂ ಒಂದೇ ಬಯಲಿನಲ್ಲಿ ಸಿಗುವ ಇಂಥ ಜಾಗ ದೇಶದಲ್ಲಿ ಬೇರೆ ಎಷ್ಟಿವೆಯೋ! ಕಾನೂನು ವಿದ್ಯಾರ್ಥಿಯ ಪ್ರಾಜೆಕ್ಟ್‌ಗೆ ವಿಷಯ ಬೇಕೆಂದರೆ ತಿರುಮಣಿಗೆ ಬಸ್ಸು ಹತ್ತಿದರೆ ಸಾಕು.

ಇನ್ನು ಓದುವ ದಾರಿ. ‘ತೌಲನಿಕ ಅಂತರರಾಷ್ಟ್ರೀಯ ವಾಣಿಜ್ಯ ಕಾನೂನು’ ಎಂಬ ಬೋರ್ಡು ಹುಡುಕಿಕೊಂಡು ಹೋಗಬೇಡಿ. ಪದವಿ ಮಟ್ಟದಲ್ಲಿ ಈ ವಿಷಯ ಹಲವು ಪತ್ರಿಕೆಗಳಲ್ಲಿ ಹರಡಿಕೊಂಡಿರುತ್ತದೆ. ಕರಾರು, ಕಂಪನಿ ಕಾನೂನು, ಮಧ್ಯಸ್ಥಿಕೆ, ಸಾರ್ವಜನಿಕ ಅಂತರರಾಷ್ಟ್ರೀಯ ಕಾನೂನು, ಕಾನೂನುಗಳ ಸಂಘರ್ಷ, ಬೌದ್ಧಿಕ ಆಸ್ತಿ. ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳು ಐಚ್ಛಿಕ ವಿಷಯಗಳನ್ನು ಗುಂಪುಗಳಾಗಿ ಪಟ್ಟಿ ಮಾಡಿವೆ. ಅವುಗಳಲ್ಲಿ ವಾಣಿಜ್ಯ ಕಾನೂನು, ಅಂತರರಾಷ್ಟ್ರೀಯ ವ್ಯಾಪಾರ ಕಾನೂನು, ಕಾನೂನು ಮತ್ತು ಕೃಷಿ ಎಂಬ ಗುಂಪುಗಳೂ ಇವೆ. ಎಲ್ಲ ಕಾಲೇಜುಗಳೂ ಎಲ್ಲ ಗುಂಪನ್ನೂ ಕಲಿಸುವುದಿಲ್ಲ. ಆದ್ದರಿಂದ ಸೇರುವ ಮುನ್ನ ಕಾಲೇಜಿನ ಕಟ್ಟಡ ನೋಡುವ ಬದಲು ಕೊನೆಯ ಎರಡು ವರ್ಷಗಳ ಐಚ್ಛಿಕ ಪತ್ರಿಕೆಗಳ ಪಟ್ಟಿ ಕೇಳಿ ಪಡೆಯಿರಿ.

ದಾರಿ ಎರಡು. ಪಿಯುಸಿ ಆದ ಕೂಡಲೇ ಐದು ವರ್ಷದ ಬಿಎ ಎಲ್‌ಎಲ್‌ಬಿ ಅಥವಾ ಬಿಬಿಎ ಎಲ್‌ಎಲ್‌ಬಿ. ಇಲ್ಲವೇ ಪದವಿ ಮುಗಿಸಿ ಮೂರು ವರ್ಷದ ಎಲ್‌ಎಲ್‌ಬಿ. ಎರಡಕ್ಕೂ ವಕೀಲರ ಪರಿಷತ್ತಿನ ಕನಿಷ್ಠ ಅಂಕ ಸಾಮಾನ್ಯ ವರ್ಗಕ್ಕೆ ಶೇ 45, ಹಿಂದುಳಿದ ವರ್ಗಕ್ಕೆ ಶೇ 42, ಪರಿಶಿಷ್ಟರಿಗೆ ಶೇ 40. ಮಧುಗಿರಿ ಶೈಕ್ಷಣಿಕ ಜಿಲ್ಲೆಯ ನಾಲ್ಕೂ ತಾಲ್ಲೂಕುಗಳಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಹದಿನೆಂಟಕ್ಕೇ ಮನೆ ಬಿಟ್ಟು ಹೋಗಲಾಗದ ಹೆಣ್ಣುಮಕ್ಕಳು, ಅಂಗಡಿ ಜಮೀನು ನೋಡಿಕೊಳ್ಳಬೇಕಾದ ಹುಡುಗರು ಊರಲ್ಲೇ ಬಿಕಾಂ ಮಾಡಿ, ಆಮೇಲೆ ಮೂರು ವರ್ಷದ ಕೋರ್ಸಿಗೆ ತುಮಕೂರಿಗೋ ಬೆಂಗಳೂರಿಗೋ ಹೋಗುವುದರಲ್ಲಿ ಯಾವ ಕೊರತೆಯೂ ಇಲ್ಲ. ಬಿಕಾಂ ಓದಿದವರಿಗೆ ಲೆಕ್ಕಪತ್ರ, ಬ್ಯಾಂಕಿನ ಸಾಲಪತ್ರ, ರಫ್ತಿನ ಕಾಗದಗಳು ಅರ್ಥವಾಗುವ ವೇಗವೇ ಬೇರೆ. ಈ ವಿಷಯಕ್ಕಾದರೆ ನಾನು ಅದನ್ನು ಅನುಕೂಲ ಎಂದೇ ಎಣಿಸುತ್ತೇನೆ.

ರಾಜ್ಯದ ಕಾನೂನು ಕಾಲೇಜುಗಳು, ತುಮಕೂರಿನ ವಿದ್ಯೋದಯ ಕಾನೂನು ಕಾಲೇಜೂ ಸೇರಿ, ಹುಬ್ಬಳ್ಳಿಯಲ್ಲಿ 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಅಡಿ ಬರುತ್ತವೆ. ಅದರ ಪರೀಕ್ಷೆಯಲ್ಲಿ ಉತ್ತರವನ್ನು ಪೂರ್ತಿ ಇಂಗ್ಲಿಷಿನಲ್ಲಾದರೂ ಬರೆಯಬಹುದು, ಪೂರ್ತಿ ಕನ್ನಡದಲ್ಲಾದರೂ ಬರೆಯಬಹುದು. ಇದು ಎಷ್ಟೋ ಮನೆಗಳಿಗೆ ಗೊತ್ತೇ ಇಲ್ಲ. ‘ನಮ್ಮದು ಕನ್ನಡ ಮೀಡಿಯಂ, ಲಾ ನಮ್ಮಿಂದಾಗದು’ ಎಂದು ಹಿಂದೆ ಸರಿಯುವವರಿಗೆ ಇದನ್ನು ಒತ್ತಿ ಹೇಳಬೇಕು. ಕೇಂದ್ರ ಕಾಯ್ದೆಗಳ ಕನ್ನಡ ಪಠ್ಯಗಳನ್ನು ರಾಜ್ಯದ ಸಂಸದೀಯ ವ್ಯವಹಾರಗಳ ಮತ್ತು ಶಾಸನ ರಚನೆ ಇಲಾಖೆ ಪ್ರಕಟಿಸುತ್ತದೆ. ಹಾಗೆಂದು ಇಂಗ್ಲಿಷ್ ಬೇಡವೆಂದಲ್ಲ. ರಾಟರ್‌ಡ್ಯಾಮ್ ಕರಾರು ಕನ್ನಡದಲ್ಲಿ ಬರುವುದಿಲ್ಲ. ತತ್ವವನ್ನು ಕನ್ನಡದಲ್ಲಿ ಅರೆದು ಕುಡಿಯಿರಿ, ಜೊತೆಗೆ ದಿನಕ್ಕೊಂದು ಪುಟದಂತೆ ಇಂಗ್ಲಿಷ್ ತೀರ್ಪು ಓದಿ. ಎರಡನೇ ವರ್ಷದ ಹೊತ್ತಿಗೆ ಭಯ ಹೋಗಿರುತ್ತದೆ.

ರಾಷ್ಟ್ರೀಯ ಕಾನೂನು ಶಾಲೆಗಳಿಗೆ ಹೋಗಬೇಕೆಂದರೆ ಕ್ಲಾಟ್ ಎಂಬ ಪ್ರವೇಶ ಪರೀಕ್ಷೆ. ಮೂರು ವರ್ಷಗಳಿಂದ ಅದು ಡಿಸೆಂಬರ್‌ನ ಮೊದಲ ಭಾನುವಾರವೇ ನಡೆದಿದೆ, ಅಂದರೆ ದ್ವಿತೀಯ ಪಿಯುಸಿ ಪರೀಕ್ಷೆಗೂ ಮುಂಚೆ. ನಮ್ಮ ಕಡೆಯ ಮಕ್ಕಳು ಎಡವುವುದು ಇಲ್ಲೇ. ಫಲಿತಾಂಶ ಬಂದ ಮೇಲೆ ಅರ್ಜಿ ಹಾಕೋಣ ಎಂದುಕೊಂಡವರಿಗೆ ಆ ವರ್ಷ ಕೈತಪ್ಪಿ ಹೋಗಿರುತ್ತದೆ. ಎರಡು ಗಂಟೆ, 120 ಪ್ರಶ್ನೆ, ತಪ್ಪಿಗೆ ಕಾಲು ಅಂಕ ಕಡಿತ. ಇಂಗ್ಲಿಷ್, ಪ್ರಚಲಿತ ವಿದ್ಯಮಾನ, ಕಾನೂನು ತರ್ಕ, ಸಾಮಾನ್ಯ ತರ್ಕ, ಸರಳ ಲೆಕ್ಕ. ಪರೀಕ್ಷೆ ಇಂಗ್ಲಿಷಿನಲ್ಲೇ. ಪ್ರಶ್ನೆಗಳೆಲ್ಲ ಸುಮಾರು 450 ಪದಗಳವರೆಗಿನ ಗದ್ಯಭಾಗ ಓದಿ ಉತ್ತರಿಸುವಂಥವು. ಕಾನೂನು ಮೊದಲೇ ಗೊತ್ತಿರಬೇಕಿಲ್ಲ, ಬೇಗ ಓದಿ ಅರ್ಥ ಮಾಡಿಕೊಳ್ಳುವ ಅಭ್ಯಾಸ ಬೇಕು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ ವಿಶ್ವವಿದ್ಯಾಲಯ, ಕರ್ನಾಟಕದಲ್ಲಿ ಕನಿಷ್ಠ 10 ವರ್ಷ ಓದಿದವರಿಗೆ ಶೇ 25 ಸಮತಲ ಮೀಸಲಾತಿ ಇಟ್ಟಿದೆ. ಒಂದರಿಂದ ಪಿಯುಸಿವರೆಗೆ ಮಧುಗಿರಿ ಸೀಮೆಯಲ್ಲೇ ಓದಿದವರಿಗೆ ಇದು ನೇರ ಅನುಕೂಲ. ವ್ಯಾಸಂಗ ಪ್ರಮಾಣಪತ್ರವನ್ನು ಶಾಲೆಗಳಿಂದ ಮೊದಲೇ ಪಡೆದಿಟ್ಟುಕೊಳ್ಳಿ.

ಖರ್ಚಿನ ಮಾತೂ ಬೇಕು. ರಾಷ್ಟ್ರೀಯ ಶಾಲೆಗಳ ಶುಲ್ಕ ವರ್ಷಕ್ಕೆ ಲಕ್ಷಗಳಲ್ಲಿದೆ, ಶುಲ್ಕ ರಿಯಾಯಿತಿ ಮತ್ತು ಬ್ಯಾಂಕ್ ಸಾಲದ ವಿಚಾರ ಸೇರುವ ಮೊದಲೇ ಲಿಖಿತವಾಗಿ ಕೇಳಿ. ರಾಜ್ಯ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಅಷ್ಟಿಲ್ಲ. ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್, ವಾಸಕ್ಕೆ ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಇಲಾಖೆಯ ಮೆಟ್ರಿಕ್ ನಂತರದ ಹಾಸ್ಟೆಲ್. ಪದವಿ ಮುಗಿಸಿ ಹಿರಿಯ ವಕೀಲರ ಬಳಿ ಕೆಲಸ ಕಲಿಯುವ ಅವಧಿಗೂ ಅರ್ಹರಿಗೆ ಸರ್ಕಾರದ ಶಿಷ್ಯವೇತನವಿದೆ.

ಸೇರಿದ ಮೇಲೆ ಏನು ಓದಬೇಕು? ನನ್ನ ಖಚಿತ ಅಭಿಪ್ರಾಯ ಇದು: ಮೊದಲೆರಡು ವರ್ಷ ವಿದೇಶಿ ಕಾನೂನಿನ ಆಸೆ ಬಿಟ್ಟು 1872ರ ಭಾರತೀಯ ಕರಾರು ಕಾಯ್ದೆಯನ್ನು ಕಲಂ ಕಲಂ ಓದಿ. ತನ್ನ ಮನೆಯ ಅಳತೆಯೇ ಗೊತ್ತಿಲ್ಲದವನು ಪಕ್ಕದ ಮನೆಯನ್ನು ಯಾವುದರ ಜೊತೆ ಹೋಲಿಸಿಯಾನು? ಒಪ್ಪಿಗೆ ಯಾವಾಗ ಪೂರ್ಣವಾಗುತ್ತದೆ ಎಂಬ ಒಂದೇ ಪ್ರಶ್ನೆ ತೆಗೆದುಕೊಳ್ಳಿ. ಕಾಗದವನ್ನು ಅಂಚೆಗೆ ಹಾಕಿದಾಗಲೇ ಪ್ರಸ್ತಾಪ ಮಾಡಿದವನು ಬದ್ಧನಾಗುತ್ತಾನೆ ಎನ್ನುತ್ತದೆ ನಮ್ಮ ಕಲಂ 4. ಒಪ್ಪಿಗೆ ತಲುಪಿದಾಗ ಎನ್ನುತ್ತವೆ ಜರ್ಮನ್ ಸಂಹಿತೆ ಮತ್ತು ವಿಯೆನ್ನಾ ಒಡಂಬಡಿಕೆ. ಫೋನಿನಲ್ಲಿ ಒಪ್ಪಿದರೆ? 1965ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಭಗವಾನ್‌ದಾಸ್ ಕೇಡಿಯಾ ಪ್ರಕರಣದಲ್ಲಿ ಅಹಮದಾಬಾದ್ ಮತ್ತು ಖಾಮಗಾಂವ್ ನಡುವೆ ಹತ್ತಿಬೀಜದ ಹಿಂಡಿಯ ವ್ಯವಹಾರ ಕುದುರಿದ್ದು ಫೋನಿನಲ್ಲೇ. ಒಪ್ಪಿಗೆಯ ಮಾತು ಕೇಳಿಸಿದ ಜಾಗದಲ್ಲೇ ಕರಾರು ಹುಟ್ಟಿತು ಎಂದಿತು ಬಹುಮತದ ತೀರ್ಪು. ನ್ಯಾಯಮೂರ್ತಿ ಹಿದಾಯತುಲ್ಲಾ ಮಾತ್ರ ಕಾಯ್ದೆಯ ಅಕ್ಷರ ಹಿಡಿದು ಬೇರೆ ದಾರಿ ನಡೆದರು. ಎರಡೂ ತೀರ್ಪುಗಳನ್ನು ಎದುರುಬದುರು ಇಟ್ಟು ಓದಿ, ನಿಮಗೆ ಯಾವುದು ಸರಿ ಅನ್ನಿಸಿತು ಎಂದು ಒಂದು ಪುಟ ಬರೆಯಿರಿ.

ಮೂರನೇ ವರ್ಷಕ್ಕೆ ಜಾರಿಯ ಪ್ರಶ್ನೆಗೆ ಬನ್ನಿ. ಗೆದ್ದ ತೀರ್ಪು ಕೈಲಿದ್ದರೆ ಸಾಲದು, ಹಣ ವಸೂಲಾಗಬೇಕಲ್ಲ? ಬ್ರಿಟನ್, ಸಿಂಗಪುರ, 2020ರಿಂದ ಯುಎಇಯ ನಿರ್ದಿಷ್ಟ ನ್ಯಾಯಾಲಯಗಳ ಡಿಕ್ರಿಯನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 44ಎ ಅಡಿ ನಮ್ಮ ಜಿಲ್ಲಾ ನ್ಯಾಯಾಲಯದಲ್ಲಿ ನೇರ ಜಾರಿ ಮಾಡಿಸಬಹುದು. ಅಮೆರಿಕದ ಡಿಕ್ರಿ ತಂದರೆ ಇಲ್ಲಿ ಹೊಸ ದಾವೆಯೇ ಹೂಡಬೇಕು. ಮಧ್ಯಸ್ಥಿಕೆಯ ತೀರ್ಪಾದರೆ 1958ರ ನ್ಯೂಯಾರ್ಕ್ ಒಡಂಬಡಿಕೆ ದಾರಿ ಸಲೀಸು ಮಾಡುತ್ತದೆ. ಎಷ್ಟು ಸಲೀಸು ಎಂಬುದನ್ನು ಬೆಂಗಳೂರಿನದೇ ಪ್ರಕರಣದಲ್ಲಿ ನೋಡಿ. ಇಸ್ರೊದ ಆಂಟ್ರಿಕ್ಸ್ ಮತ್ತು ದೇವಾಸ್ ಕಂಪನಿ 2005ರ ಜನವರಿ 28ರಂದು ಉಪಗ್ರಹ ತರಂಗಾಂತರದ ಕರಾರು ಮಾಡಿಕೊಂಡವು. 2011ರಲ್ಲಿ ಅದು ರದ್ದಾಯಿತು. 2015ರಲ್ಲಿ ದೇವಾಸ್‌ಗೆ 56.25 ಕೋಟಿ ಡಾಲರ್ ಕೊಡುವಂತೆ ಮಧ್ಯಸ್ಥಿಕೆ ತೀರ್ಪು ಬಂತು. ಮಾರಿಷಸ್, ಜರ್ಮನಿಯ ಹೂಡಿಕೆದಾರರು ಹೂಡಿಕೆ ಒಪ್ಪಂದಗಳಡಿ ಬೇರೆಯೇ ದಾವೆ ಹೂಡಿದರು. ವಂಚನೆಯ ಕಾರಣಕ್ಕೆ ದೇವಾಸ್ ಮುಚ್ಚುವ ಆದೇಶವನ್ನು 2022ರ ಜನವರಿಯಲ್ಲಿ ನಮ್ಮ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅದೇ ವರ್ಷ ದೆಹಲಿ ಹೈಕೋರ್ಟ್ ಮಧ್ಯಸ್ಥಿಕೆ ತೀರ್ಪನ್ನೂ ರದ್ದು ಮಾಡಿತು. ಆದರೂ 2025ರ ಜೂನ್ 5ರಂದು ಅಮೆರಿಕದ ಸುಪ್ರೀಂ ಕೋರ್ಟ್, ಅಲ್ಲಿನ ನ್ಯಾಯಾಲಯಗಳ ಅಧಿಕಾರ ವ್ಯಾಪ್ತಿಯ ಪ್ರಶ್ನೆಯಲ್ಲಿ ದೇವಾಸ್ ಕಡೆಗೆ ಅನುಕೂಲವಾಗಿ ತೀರ್ಪಿತ್ತು ಪ್ರಕರಣವನ್ನು ಕೆಳಗೆ ಕಳಿಸಿತು. ಒಂದು ಕರಾರು, ಇಪ್ಪತ್ತು ವರ್ಷ, ನಾಲ್ಕಾರು ದೇಶ. ಈ ಒಂದು ಪ್ರಕರಣದ ದಾಖಲೆಗಳನ್ನು ಕ್ರಮವಾಗಿ ಓದಿದವರಿಗೆ ಅರ್ಧ ಪಠ್ಯಕ್ರಮವೇ ಮುಗಿದಂತೆ.

ದುಬಾರಿ ಪುಸ್ತಕ ಕೊಳ್ಳಲೇಬೇಕೆಂದಿಲ್ಲ. ಭಾರತದ ತೀರ್ಪುಗಳು ಇಂಡಿಯನ್ ಕಾನೂನ್ ತಾಣದಲ್ಲಿ, ವಿಯೆನ್ನಾ ಒಡಂಬಡಿಕೆಯ ಪಠ್ಯ ಮತ್ತು ಪ್ರಕರಣಗಳ ಸಾರ ವಿಶ್ವಸಂಸ್ಥೆಯ ಅನ್ಸಿಟ್ರಲ್ ತಾಣದಲ್ಲಿ, ಸೋಲಾರ್ ತೀರ್ಪು ವಿಶ್ವ ವ್ಯಾಪಾರ ಸಂಸ್ಥೆಯ ತಾಣದಲ್ಲಿ ಉಚಿತ. ಕರಾರಿಗೆ ಅವತಾರ್ ಸಿಂಗ್, ತೌಲನಿಕ ವಿಧಾನಕ್ಕೆ ಜ್ವೈಗರ್ಟ್ ಮತ್ತು ಕ್ಯೋಟ್ಸ್ ಅವರ ಪುಸ್ತಕ, ಇವೆರಡು ಗ್ರಂಥಾಲಯದಲ್ಲಿ ಸಿಕ್ಕರೆ ಸಾಕು. ವಿಯೆನ್ನಾದಲ್ಲಿ ಪ್ರತಿವರ್ಷ ನಡೆಯುವ ವಿಲೆಮ್ ವಿಸ್ ಅಣಕು ಮಧ್ಯಸ್ಥಿಕೆ ಸ್ಪರ್ಧೆಗೆ ಪದವಿ ವಿದ್ಯಾರ್ಥಿಗಳೂ ಹೋಗಬಹುದು. ಹೋಗಲಾಗದಿದ್ದರೂ ಅದರ ಪ್ರಶ್ನೆಯನ್ನು ಇಳಿಸಿಕೊಂಡು ನಾಲ್ಕು ಗೆಳೆಯರು ಕೂತು ವಾದ ಬರೆದರೆ ಒಂದು ಸೆಮಿಸ್ಟರಿನ ಕಲಿಕೆ.

ಕೆಲಸ ಸಿಗುತ್ತದೆಯೇ ಎಂದು ತಂದೆತಾಯಂದಿರು ಕೇಳಿಯೇ ಕೇಳುತ್ತಾರೆ. ವಕೀಲಿಕೆ ಮಾಡಬೇಕಾದರೆ ಪದವಿಯ ಜೊತೆಗೆ ಅಖಿಲ ಭಾರತ ವಕೀಲರ ಪರೀಕ್ಷೆ ಪಾಸಾಗಬೇಕು. ಬೆಂಗಳೂರಿನ ಕಾನೂನು ಸಂಸ್ಥೆಗಳು, ರಫ್ತು ಕಂಪನಿಗಳ ಕರಾರು ವಿಭಾಗ, ಕಸ್ಟಮ್ಸ್ ಏಜೆಂಟರ ಕಚೇರಿ, ಬ್ಯಾಂಕಿನ ವಿದೇಶ ವಿನಿಮಯ ವಿಭಾಗ, ಮಧ್ಯಸ್ಥಿಕೆ ಕೇಂದ್ರ, ಇವು ಬಾಗಿಲುಗಳು. ವಿದೇಶಿ ಕಾನೂನು ಸಂಸ್ಥೆಗಳಿಗೆ ತಮ್ಮ ದೇಶದ ಕಾನೂನಿನ ಬಗ್ಗೆ ಇಲ್ಲಿ ಸಲಹೆ ಕೊಡಲು ಅನುಮತಿಸುವ ನಿಯಮವನ್ನು ವಕೀಲರ ಪರಿಷತ್ತು 2023ರಲ್ಲಿ ಮಾಡಿತು. ಮೊದಲ ಎರಡು ಮೂರು ವರ್ಷದ ಸಂಬಳ ಕೈಗೆ ಸಾಲದಿರಬಹುದು. ಇದನ್ನು ಮುಚ್ಚಿಟ್ಟು ಆಸೆ ಹುಟ್ಟಿಸುವುದು ಮಕ್ಕಳಿಗೆ ಮಾಡುವ ದ್ರೋಹ.

ಈ ವರ್ಷ ದ್ವಿತೀಯ ಪಿಯುಸಿಗೆ ಬಂದಿರುವವರೇ, ಕ್ಲಾಟ್ ಅರ್ಜಿ ಸಾಮಾನ್ಯವಾಗಿ ಆಗಸ್ಟ್ ಹೊತ್ತಿಗೆ ತೆರೆದಿರುತ್ತದೆ. ಜಾತಿ ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಲ್ಲಿ ಜುಲೈನಲ್ಲೇ ಮಾಡಿಸಿಟ್ಟುಕೊಳ್ಳಿ. ಜೊತೆಗೆ, ಕಡಲೆಕಾಯಿ ಸುಗ್ಗಿ ಶುರುವಾದಾಗ ಒಂದು ಬೆಳಿಗ್ಗೆ ನಿಮ್ಮೂರಿನ ಎಪಿಎಂಸಿ ಯಾರ್ಡಿಗೆ ಹೋಗಿ, ಪರಿಚಯದ ಮಂಡಿಯವರನ್ನು ಕೇಳಿ ಒಂದು ಮಾರಾಟದ ಚೀಟಿಯನ್ನು ಕೈಗೆ ತೆಗೆದುಕೊಂಡು ಓದಿ. ತೂಕ, ತೇವಾಂಶ, ದರ, ಹಣ ಕೊಡುವ ದಿನ, ಯಾರ ಸಹಿ. ಅದರಲ್ಲಿ ಏನು ಬರೆದಿಲ್ಲ ಎಂಬುದನ್ನು ಗುರುತು ಮಾಡಿಕೊಳ್ಳಿ.